ಹದ್ದಿನ ಬೆನ್ನು

ಟಿಕೀಟು ತಲೆಗೆ ಏಳುನೂರು.
ನಿಂತಲ್ಲೇ ಹೊಲಿದು ನೋಡಿದೆ:
ಎರಡು ಅಸ್ತರಿನ ಜಂಪರು, ಮೇಲೊಂದು ಫಾಲು-ಪಿಕೋ.
‘ವೈನಿ, ಲೆಕ್ಕಾ ಕೆಳಗ ಬಿಟ್ಟು ಬರ್ರಿ’ ಅಂದಳು ಸುಗಲಾ,
ವರಳಿಯ ಬಿಸಿಲಲ್ಲಿ ಸಾಲು ಅರ್ಧ ತಾಸು.

ಪರ್ಸಿನ ಸಣ್ಣ ಕತ್ತರಿಯನ್ನು
ಕಾವಲಿನ ಹುಡುಗಿ ತೆಗೆದಿಟ್ಟುಕೊಂಡು
ಬಿಲ್ಲೆ ಕೊಟ್ಟಳು, ನಲವತ್ಮೂರು.
ಸೀಮೆಸುಣ್ಣ ಮೂಸಿ ನೋಡಿ ಬಿಟ್ಟಳು. ಟೇಪೂ ಬಿಟ್ಟಳು.
ಟೇಪಿನಿಂದ ಯಾರಿಗೆ ಏನು ಅಪಾಯ.

ಲಿಫ್ಟಿಗೆ ಸದ್ದಿಲ್ಲ, ಅಂಕಿ ಮಾತ್ರ ಓಡುತ್ತವೆ.
ಮೂವತ್ತರ ಹತ್ತಿರ ಕಿವಿ ಮುಚ್ಚಿತು.
ಮಹಾರುದ್ರಪ್ಪನವರು ಉಗುಳು ನುಂಗಿರೆಂದು
ಕೈಸನ್ನೆ ಮಾಡಿದರು,
ರಬಕವಿಯ ಹಿಟ್ಟಿನ ಗಿರಣಿಯೊಳಗೆ ನಿಂತು
ಮಾತಾಡಿದ ಹಾಗೆ.

ಮೇಲೆ ಸುತ್ತಲೂ ಗಾಜು.
ಎಲ್ಲರೂ ಸಮುದ್ರದ ಕಡೆ ಓಡಿದರು:
ಬೂದು ನೀರು, ಅದಕ್ಕೆ ಕಚ್ಚಾ ಹೊಲಿಗೆ ಹಾಕಿದಂತೆ
ಒಂದು ಸೇತುವೆ, ಫೋಟೋ, ಇನ್ನೊಂದು ಫೋಟೋ.
ನಾನು ಈಚೆ ಬಂದೆ, ಯಾರೂ ನಿಲ್ಲದ ಕಡೆ.

ಇಲ್ಲಿ ಊರು ಒಳಮೈ ತಿರುಗಿಸಿಕೊಂಡು ಬಿದ್ದಿದೆ.
ಯಾರು ನೋಡುತ್ತಾರೆ ಎಂದು ಹಾಗೇ ಬಿಟ್ಟ ದಾರ:
ನೀರಿನ ಟಾಕಿ, ನೀಲಿ ತಾಡಪಾಲು,
ತಾಡಪಾಲಿನ ಮೇಲೆ ಕಲ್ಲು, ಟೈರು, ಮುರಿದ ಕುರ್ಚಿ,
ಒಂದು ತಾರಸಿಯ ತುಂಬ ಹಪ್ಪಳ,
ಹೊಗೆ ಬಿಡದ ಗಿರಣಿ ಚಿಮಣಿಯೊಂದು
ಸಿಕ್ಕಿಸಿ ಮರೆತ ಸೂಜಿ.
ಗಿರಾಕಿ ಬಟ್ಟೆಯ ಮೇಲ್ಮೈ ನೋಡುತ್ತಾಳೆ.
ನನ್ನ ಕಣ್ಣು ಮೊದಲಿನಿಂದಲೂ ಒಳಹೊಲಿಗೆಗೆ.

ದುರ್ಬೀನಿಗೆ ಹತ್ತು ರೂಪಾಯಿ ಹಾಕಿದೆ.
ಸಿಕ್ಕಿದ್ದು ಒಬ್ಬ ಹೆಂಗಸು, ಬಟ್ಟೆ ಒಣಹಾಕುತ್ತ,
ನನಗೆ ಬೆನ್ನು ಮಾಡಿ. ಎಡತೋಳು ಎಳೆಯುತ್ತಿತ್ತು,
ಬಗಲಲ್ಲಿ ಅರ್ಧ ಇಂಚು ಬಿಡಬೇಕಿತ್ತು ದರ್ಜಿ.
ಕೂಗಿ ಹೇಳಲೇ?
ಕಣ್ಣು ತೆಗೆದೆ. ಇನ್ನೂ ನಾಲ್ಕು ರೂಪಾಯಿಯಷ್ಟು ಉಳಿದಿತ್ತು.

ಆಗ ಹದ್ದು ಬಂತು.
ಕೆಳಗೆ.

ಐವತ್ತೆರಡು ವರ್ಷ ಹೊಟ್ಟೆಯನ್ನಷ್ಟೇ ತೋರಿಸಿದ ಹಕ್ಕಿ
ಬೆನ್ನು ಕೊಟ್ಟು ತೇಲುತ್ತಿದೆ, ನನ್ನ ಕಾಲಿಂದ ಇಪ್ಪತ್ತು ಮಾಳಿಗೆ ತಗ್ಗಿಗೆ.
ಕಂದು, ಅದರೊಳಗೊಂದು ಮಾಸಿದ ಕಂದು.
ಎಡರೆಕ್ಕೆಯಲ್ಲಿ ಗರಿಯೊಂದಿಲ್ಲ, ಗುಂಡಿ ಉದುರಿದಂತೆ.
ಭುಜದಿಂದ ಭುಜಕ್ಕೆ ಎಷ್ಟಿದ್ದೀತು?
ಟೇಪು ತೆಗೆದು ಗಾಜಿಗೆ ಹಿಡಿದೆ. ಮುಕ್ಕಾಲು ಇಂಚು.
ಗಾಜು ಮುಟ್ಟಬಾರದು ಅಂದ ಸಮವಸ್ತ್ರದ ಹುಡುಗ.

ಎದೆ ಅಳೆಯುವಾಗ ಹೆಂಗಸರು ನಗುತ್ತಾರೆ.
ಬೆನ್ನು ಅಳೆಯುವಾಗ ಸುಮ್ಮನಾಗುತ್ತಾರೆ.
ಮುಖ ಕಾಣದ ಧೈರ್ಯಕ್ಕೆ ಕೆಲವರು
ಏನೋ ಹೇಳಿಯೂ ಬಿಡುತ್ತಾರೆ.
ಚಂಪವ್ವ ಹೇಳಿದ್ದು ಇಷ್ಟೇ:
‘ಹಿಂದಿನ ಕೊರಳು ಮ್ಯಾಲಕ್ಕಿಡ್ರಿ.’
ಒಂದು ಇಂಚು ಏರಿಸಿದೆ.
‘ಇನ್ನೊಂದ್ ಸ್ವಲ್ಪ.’
ಇನ್ನೊಂದು ಇಂಚು.
ಜ್ಯೇಷ್ಠದ ಸೆಕೆ, ಯಾಕೆ ಅಂತ ಕೇಳಲಿಲ್ಲ.
ಹೊಲಿದು ಕೊಟ್ಟೆ, ಮಜೂರಿ ಇಸಗೊಂಡೆ.

ಹದ್ದು ಒಂದು ಸುತ್ತು ಹಾಕಿ
ಚಿಮಣಿಯ ಆಚೆ ಇಳಿಯಿತು.
‘ಸಮುದ್ರ ನೋಡಿದ್ರೇನು?’ ಸುಗಲಾ ಹುಡುಕಿಕೊಂಡು ಬಂದಳು.
‘ನೋಡಿದೆ’ ಅಂದೆ.

ಕೆಳಗೆ ನಮ್ಮದೇ ಫೋಟೋ ಮಾರುತ್ತಿದ್ದರು,
ಹಿಂದೆ ಬೇರೆ ಯಾವುದೋ ಸ್ವಚ್ಛ ಆಕಾಶ ಅಂಟಿಸಿ.
ಕೊಳ್ಳಲಿಲ್ಲ. ಬಿಲ್ಲೆ ಕೊಟ್ಟು ಕತ್ತರಿ ಇಸಗೊಂಡೆ.
ಫುಟ್‌ಪಾತಿನಲ್ಲಿ ವಡಾಪಾವ್, ಒಣ ಚಟ್ನಿ,
ಕಿವಿ ಪಟ್ಟನೆ ತೆರೆದು ಊರೆಲ್ಲ ಒಮ್ಮೆಲೇ ಒಳಗೆ.

ತಲೆಯ ಮೇಲೆ ಹದ್ದೊಂದು, ಅದೇನೋ ಬೇರೆಯದೋ,
ಹೊಟ್ಟೆ ತೋರಿಸುತ್ತ ತಿರುಗುತ್ತಿತ್ತು.
ಎಡರೆಕ್ಕೆಯಲ್ಲಿ ಗರಿ ಕಡಿಮೆ ಇದೆಯೇ ಎಂದು
ಹಣೆಗೆ ಕೈ ಅಡ್ಡ ಹಿಡಿದು ನೋಡಿದೆ.
ಬಿಸಿಲು.